ದಿನ ತುಂಬದ ಮಗುವಿಗೆ ಮೊದಲ ದಿನವೇ ಟಿಪಿಎನ್ (ನರದ ಮೂಲಕ ಪೂರ್ಣ ಆಹಾರ): ಎಷ್ಟು, ಹೇಗೆ, ಎಲ್ಲಿ ಎಡವುತ್ತೇವೆ?

ದುರ್ಗದ_ಪೀಡಿಯಾ · ಸೋಮವಾರ ರಾತ್ರಿ 9:20

ಚಿತ್ರದುರ್ಗ ಜಿಲ್ಲೆಯ ಎಸ್‌ಎನ್‌ಸಿಯು (ನವಜಾತ ಶಿಶು ವಿಶೇಷ ಆರೈಕೆ ಘಟಕ) ಮಟ್ಟದ ಪ್ರಶ್ನೆ. ಮೊಳಕಾಲ್ಮೂರು, ಹೊಸದುರ್ಗ, ಹಿರಿಯೂರು ಕಡೆಯಿಂದ 108ರಲ್ಲಿ ಬರುವ 28ರಿಂದ 32 ವಾರದ ಮಕ್ಕಳಿಗೆ ರೂಢಿ ಹೀಗಿದೆ: ಮೊದಲ ಎರಡು ಮೂರು ದಿನ ಬರೀ 10% ಡೆಕ್ಸ್‌ಟ್ರೋಸ್ (ಗ್ಲೂಕೋಸ್ ನೀರು), ಜೊತೆಗೆ ಕ್ಯಾಲ್ಸಿಯಂ. ಹಾಲು ಏರದಿದ್ದರೆ ಮೂರನೇ ದಿನ ಅಮೈನೊ ಆಮ್ಲದ (ಪ್ರೋಟೀನಿನ ಮೂಲಘಟಕ) ಬಾಟ್ಲಿ ಎಲ್ಲಿದೆ ಅಂತ ಹುಡುಕಾಟ. ಇದನ್ನು ಬದಲಿಸಿ ಮೊದಲ ದಿನವೇ ಶುರು ಮಾಡುವಂತೆ ಪ್ರೋಟೋಕಾಲ್ ಬರೆಯುತ್ತಿದ್ದೇವೆ.

ಎಷ್ಟು ಗಂಟೆಯೊಳಗೆ, ಎಷ್ಟು ಪ್ರಮಾಣ? ಕೈ ನರದಲ್ಲೇ ಕೊಟ್ಟರೆ ನಡೆಯುತ್ತಾ, ಇಲ್ಲ ಹೊಕ್ಕುಳ ಲೈನೇ (ಹೊಕ್ಕುಳ ಸಿರೆಯಲ್ಲಿ ಹಾಕುವ ನಳಿಕೆ) ಬೇಕಾ? ಲಿಪಿಡ್ (ಕೊಬ್ಬಿನ ದ್ರಾವಣ) ಸ್ಟಾಕ್ ಇಲ್ಲದ ದಿನ ಅಮೈನೊ ಆಮ್ಲ ಒಂದನ್ನೇ ಹಾಕಿದರೆ ಪ್ರಯೋಜನ ಇದೆಯಾ? 29 ವಾರ, 1100 ಗ್ರಾಂ ಮಗು ಅಂತಿಟ್ಟುಕೊಂಡು ಯಾರಾದರೂ ಲೆಕ್ಕ ಬಿಡಿಸಿ ತೋರಿಸಿದರೆ ಅದನ್ನೇ ಗೋಡೆಗೆ ಅಂಟಿಸುತ್ತೇವೆ.

ಪಿಬಿರೋಡ್_ನಿಯೊ · ಸೋಮವಾರ ರಾತ್ರಿ 10:05

ಮೊದಲು ಯಾಕೆ ಅನ್ನೋದು, ಆಮೇಲೆ ಲೆಕ್ಕ.

ಒಂದು ಕೆ.ಜಿ. ಮಗುವಿನ ಮೈಯಲ್ಲಿ ಕೊಬ್ಬು ಇರೋದು ತೂಕದ ಸುಮಾರು 1%, ಅಂದರೆ 10 ಗ್ರಾಂ. ಬಾಯಿಂದಲೂ ನರದಿಂದಲೂ ಏನೂ ಹೋಗದಿದ್ದರೆ ಅದರ ಮೈಯ ದಾಸ್ತಾನು ನಾಲ್ಕು ದಿನಕ್ಕೆ ಮುಗಿಯುತ್ತೆ. ಬರೀ ಡೆಕ್ಸ್‌ಟ್ರೋಸ್ ಕೊಟ್ಟರೆ ಸಕ್ಕರೆ ಕಾಪಾಡಬಹುದು, ಮಾಂಸಖಂಡ ಕರಗೋದು ನಿಲ್ಲಲ್ಲ, ದಿನಕ್ಕೆ ಕೆ.ಜಿ.ಗೆ 1 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಕಳೆದುಹೋಗುತ್ತೆ. ಹೊಟ್ಟೆಯಲ್ಲಿದ್ದಾಗ ಇದೇ ಮಗುವಿಗೆ ಕಸ (ಪ್ಲಾಸೆಂಟಾ) ದಿನಕ್ಕೆ ಕೆ.ಜಿ.ಗೆ 3.5 ಗ್ರಾಂ ಆಸುಪಾಸು ಅಮೈನೊ ಆಮ್ಲ ತಲುಪಿಸುತ್ತಿತ್ತು. ಹೊಕ್ಕುಳಬಳ್ಳಿಗೆ ಕ್ಲ್ಯಾಂಪ್ ಹಾಕಿದ ಕ್ಷಣ ಅದು ನಿಂತಿತು. ಹಾಗಾಗಿ "ಮೂರನೇ ದಿನ ನೋಡೋಣ" ಅಂದರೆ ಮೂರು ದಿನ ಉಪವಾಸ ಕೆಡವಿದಂತೆ.

2018ರ ಯುರೋಪಿನ ಮಾರ್ಗಸೂಚಿ ಪ್ರಕಾರ ಮೊದಲ ದಿನ ಅಮೈನೊ ಆಮ್ಲ ಕೆ.ಜಿ.ಗೆ ಕನಿಷ್ಠ 1.5 ಗ್ರಾಂ, ಎರಡನೇ ದಿನದಿಂದ 2.5ರಿಂದ 3.5 ಗ್ರಾಂ. ಗ್ಲೂಕೋಸ್ ನಿಮಿಷಕ್ಕೆ ಕೆ.ಜಿ.ಗೆ 4ರಿಂದ 8 ಮಿ.ಗ್ರಾಂ ನಡುವೆ ಶುರು. ಲಿಪಿಡ್ ಹುಟ್ಟಿದ ಕೂಡಲೇ ಕೊಡಬಹುದು, ತಡ ಅಂದರೂ ಎರಡು ದಿನದೊಳಗೆ. ಗರಿಷ್ಠ 4 ಗ್ರಾಂ. ಬ್ರಿಟನ್ನಿನ 2020ರ ನೈಸ್ ಮಾರ್ಗಸೂಚಿ ಇನ್ನೂ ಖಡಕ್ಕಾಗಿದೆ: ಟಿಪಿಎನ್ ಬೇಕು ಅಂತ ತೀರ್ಮಾನ ಆದಮೇಲೆ ತಡ ಅಂದರೂ 8 ಗಂಟೆಯೊಳಗೆ ಲೈನಿನಲ್ಲಿ ಹರಿಯುತ್ತಿರಬೇಕು.

ಈಗ ನಿಮ್ಮ 1100 ಗ್ರಾಂ ಮಗು, ಮೊದಲ ದಿನ. ಒಟ್ಟು ದ್ರವ ಕೆ.ಜಿ.ಗೆ 80, ಅಂದರೆ 88 ಮಿ.ಲೀ.

ಅಮೈನೊ ಆಮ್ಲ ಕೆ.ಜಿ.ಗೆ 2 ಗ್ರಾಂ, ಒಟ್ಟು 2.2 ಗ್ರಾಂ, 10% ದ್ರಾವಣದಲ್ಲಿ 22 ಮಿ.ಲೀ.
ಲಿಪಿಡ್ ಕೆ.ಜಿ.ಗೆ 1 ಗ್ರಾಂ. 20% ದ್ರಾವಣದಲ್ಲಿ 5.5 ಮಿ.ಲೀ. ಇದು ಬೇರೆ ಸಿರಿಂಜ್.
10% ಕ್ಯಾಲ್ಸಿಯಂ ಗ್ಲುಕೊನೇಟ್ ಕೆ.ಜಿ.ಗೆ 4 ಮಿ.ಲೀ., ಒಟ್ಟು 4.4.
ಸೋಡಿಯಂ ಗ್ಲಿಸರೊಫಾಸ್ಫೇಟ್ (ಫಾಸ್ಫೇಟ್ ಕೊಡುವ ದ್ರಾವಣ) ಕೆ.ಜಿ.ಗೆ 1 ಮಿ.ಲೀ., ಒಟ್ಟು 1.1.

ಉಳಿದ ಜಾಗ 55 ಮಿ.ಲೀ. ಗ್ಲೂಕೋಸ್ ನಿಮಿಷಕ್ಕೆ 5 ಮಿ.ಗ್ರಾಂ ಬೇಕು ಅಂದರೆ 5 × 1.1 × 1440 = 7920 ಮಿ.ಗ್ರಾಂ, ಅಂದರೆ 7.92 ಗ್ರಾಂ. ಅಷ್ಟೂ 55 ಮಿ.ಲೀ.ನಲ್ಲಿ ಕೂರಬೇಕು. 10% ಡೆಕ್ಸ್‌ಟ್ರೋಸ್ 49 ಮಿ.ಲೀ., 50% ಡೆಕ್ಸ್‌ಟ್ರೋಸ್ 6 ಮಿ.ಲೀ. ಹಾಕಿದರೆ ಸರಿಹೋಗುತ್ತೆ. 50% ಇಲ್ಲ, 25% ಮಾತ್ರ ಇದೆ ಅನ್ನೋರಿಗೆ: 25% 16 ಮಿ.ಲೀ., 10% 39 ಮಿ.ಲೀ.

ಲಿಪಿಡ್ ಬಿಟ್ಟು ಒಟ್ಟು 82.5 ಮಿ.ಲೀ.; ಗಂಟೆಗೆ 3.4. ಲಿಪಿಡ್ ಗಂಟೆಗೆ 0.23. ಕ್ಯಾಲೊರಿ ಕೆ.ಜಿ.ಗೆ 42 ಆಸುಪಾಸು. ಮೊದಲ ದಿನದ ಗುರಿ 45ರಿಂದ 55, ಸ್ವಲ್ಪ ಕಮ್ಮಿ ಬಿತ್ತು. ಲಿಪಿಡ್ 1.5 ಗ್ರಾಂ ಮಾಡಿದರೆ ತುಂಬುತ್ತೆ.

ಪಿಜಿ_ಎರಡನೇ_ವರ್ಷ · ಸೋಮವಾರ ರಾತ್ರಿ 10:31

ಸರ್, ಒಂದು ಅನುಮಾನ. ಡೆಕ್ಸ್‌ಟ್ರೋಸ್ 14.4% ಆಯ್ತು. ಪರ್ಸೆಂಟ್ × ಗಂಟೆಯ ಮಿ.ಲೀ. ÷ (6 × ತೂಕ) ಸೂತ್ರ ಹಾಕಿದರೆ 14.4 × 3.44 ÷ 6.6 = 7.5 ಬರ್ತಿದೆ. ನೀವು 5 ಅಂದಿದ್ದೀರಿ. ಮತ್ತೆ 12.5% ದಾಟಿದ್ದರಿಂದ ಕೈ ನರದಲ್ಲಿ ಕೊಡೋಹಾಗಿಲ್ಲ ಅಲ್ವಾ?

ಪಿಬಿರೋಡ್_ನಿಯೊ · ಸೋಮವಾರ ರಾತ್ರಿ 10:40

ಎಲ್ಲರೂ ಎಡವುವ ಜಾಗ ಇದೇ ನೋಡಿ. 14.4% ಇರೋದು ಆ 55 ಮಿ.ಲೀ.ನಲ್ಲಿ ಮಾತ್ರ. ಅಮೈನೊ ಆಮ್ಲ, ಕ್ಯಾಲ್ಸಿಯಂ ಎಲ್ಲ ಬೆರೆತ ಮೇಲೆ 7.92 ಗ್ರಾಂ 82.5 ಮಿ.ಲೀ.ನಲ್ಲಿ ಹರಡಿಕೊಂಡಿದೆ, ಅಂದರೆ 9.6%. ಈಗ ಹಾಕಿ: 9.6 × 3.44 ÷ 6.6 = 5. ಸೂತ್ರಕ್ಕೆ ಯಾವಾಗಲೂ ಕೊನೆಯ ಮಿಶ್ರಣದ ಪರ್ಸೆಂಟ್ ಹಾಕಬೇಕು. ಹೀಗೆ 7.5 ಅಂದುಕೊಂಡು ಗ್ಲೂಕೋಸ್ ಕಡಿಮೆ ಮಾಡಿದರೆ ನಿಜಕ್ಕೂ ಹೋಗೋದು ನಿಮಿಷಕ್ಕೆ 3.3, ರಾತ್ರಿ ಎರಡಕ್ಕೆ ಸಕ್ಕರೆ 35ಕ್ಕೆ ಇಳಿದಿರುತ್ತೆ.

ಕೈ ನರದ ವಿಷಯಕ್ಕೆ 12.5% ಒಂದನ್ನೇ ನೋಡಿದರೆ ಸಾಲದು, ಒಟ್ಟು ಆಸ್ಮೊಲಾರಿಟಿ (ದ್ರಾವಣದಲ್ಲಿ ಕರಗಿದ ಕಣಗಳ ಸಾಂದ್ರತೆ) ನೋಡಬೇಕು. ಲೀಟರಿಗೆ ಎಷ್ಟು ಗ್ರಾಂ ಡೆಕ್ಸ್‌ಟ್ರೋಸ್ ಇದೆಯೋ ಅದರ 5 ಪಟ್ಟು, ಅಮೈನೊ ಆಮ್ಲದ 10 ಪಟ್ಟು, ಮೇಲೆ ಲವಣಗಳು. ಇಲ್ಲಿ 480 + 267 + ಸುಮಾರು 70, ಅಂದರೆ 820 ಆಸುಪಾಸು. 900ರ ಒಳಗಿದೆ, ಲೆಕ್ಕದಲ್ಲಿ ಕೈ ನರಕ್ಕೆ ನಡೆಯುತ್ತೆ. ಆದರೆ ಇದರಲ್ಲಿ ಕ್ಯಾಲ್ಸಿಯಂ ಇದೆ. ನರ ಬಿಟ್ಟು ಹೊರಗೆ ಸೋರಿದರೆ ಕ್ಯಾಲ್ಸಿಯಂ ಚರ್ಮ ಸುಟ್ಟಹಾಗೆ ಮಾಡುತ್ತೆ, ಕೆಲವೊಮ್ಮೆ ಕಪ್ಪಾಗಿ ಉದುರುತ್ತೆ. ಅದಕ್ಕೇ 1500 ಗ್ರಾಂ ಒಳಗಿನ ಮಗುವಿಗೆ ಮೊದಲ ದಿನ ಹೊಕ್ಕುಳ ಲೈನೇ ಸರಿ.

ವಾರ್ಮರ್_ಪಕ್ಕ · ಮಂಗಳವಾರ ಬೆಳಗ್ಗೆ 6:50

ನೈಟ್ ಡ್ಯೂಟಿ ಮುಗಿಸಿ ಓದಿದೆ. ಲೆಕ್ಕ ಸರಿಯಿದೆ ಸರ್, ಆದರೆ ಪೇಪರಿನ 82.5 ಮಿ.ಲೀ. ಮಗುವಿಗೆ ತಲುಪಲ್ಲ. ಎಕ್ಸ್‌ಟೆನ್ಷನ್ (ಪಂಪಿನಿಂದ ಮಗುವಿನವರೆಗಿನ ಟ್ಯೂಬ್), ತ್ರೀವೇ, ಫಿಲ್ಟರ್ ತುಂಬಿಸಲಿಕ್ಕೇ ಒಂದಿಷ್ಟು ಹೋಗುತ್ತೆ. 82.5 ಬೇಕು ಅಂದರೆ 100 ಮಿ.ಲೀ. ತಯಾರಿಸಿ, ಪ್ರತಿಯೊಂದನ್ನೂ 1.21ರಿಂದ ಗುಣಿಸಿ: ಅಮೈನೊ ಆಮ್ಲ 26.7, 10% ಡೆಕ್ಸ್‌ಟ್ರೋಸ್ 59.3, 50% 7.3, ಕ್ಯಾಲ್ಸಿಯಂ 5.3, ಗ್ಲಿಸರೊಫಾಸ್ಫೇಟ್ 1.3. ಪಂಪಿನ ವೇಗ ಮಾತ್ರ ಅದೇ 3.4. ಎರಡು 50 ಮಿ.ಲೀ. ಸಿರಿಂಜನ್ನು ಒಂದೇ ಸಲ ಹುಡ್ (ಕ್ರಿಮಿರಹಿತ ಗಾಳಿಯ ಪೆಟ್ಟಿಗೆ) ಒಳಗೇ ತುಂಬಿಸಿ. ಎರಡನೆಯದು ಮುಚ್ಚಳ ಹಾಕಿ ಫ್ರಿಜ್‌ನಲ್ಲಿರಲಿ. ವಾರ್ಡಿನ ಟೇಬಲ್ ಮೇಲೆ ತುಂಬಿಸೋದು ಬೇಡವೇ ಬೇಡ.

ಲಿಪಿಡ್ ಇನ್ನೂ ನಾಜೂಕು. ಗಂಟೆಗೆ 0.23 ಮಿ.ಲೀ. ಹೋಗುವಾಗ ಒಂದೂವರೆ ಮಿ.ಲೀ. ಹಿಡಿಯುವ ಎಕ್ಸ್‌ಟೆನ್ಷನ್ ಖಾಲಿ ಇಟ್ಟು ಹಚ್ಚಿದರೆ ಮೊದಲ ಹನಿ ಮಗುವಿನ ಹತ್ತಿರ ಬರಲಿಕ್ಕೆ ಆರೂವರೆ ಗಂಟೆ ಬೇಕು. ಚಾರ್ಟಿನಲ್ಲಿ ಲಿಪಿಡ್ ಹೋಗಿದೆ, ಮಗುವಿನಲ್ಲಿ ಹೋಗಿಲ್ಲ. ಟ್ಯೂಬಿನ ತುದಿವರೆಗೆ ಲಿಪಿಡ್ ತುಂಬಿಸಿಕೊಂಡೇ ವೈ ಕನೆಕ್ಟರಿಗೆ ಸೇರಿಸಬೇಕು, ಸಣ್ಣ ಒಳವ್ಯಾಸದ ಟ್ಯೂಬೇ ಇರಬೇಕು. 50 ಮಿ.ಲೀ. ಸಿರಿಂಜಿನಲ್ಲಿ 0.23 ಓಡಿಸಬೇಡಿ; ಅಷ್ಟು ದಪ್ಪ ಪಿಸ್ಟನ್ ಅಂಟಿಕೊಂಡು ನಿಂತು, ಆಮೇಲೆ ಒಮ್ಮೆಲೇ ಜಾರುತ್ತೆ. 10 ಮಿ.ಲೀ. ಸಿರಿಂಜ್ ಹಾಕಿ, ಪಂಪಿನಲ್ಲಿ ಸಿರಿಂಜಿನ ಕಂಪನಿ ಮತ್ತು ಅಳತೆ ಸರಿಯಾಗಿ ಆರಿಸಿ.

ಇನ್ನೊಂದು. ಹೊಕ್ಕುಳ ಅಪಧಮನಿ ಲೈನ್ ಇದ್ದು ಅದರಲ್ಲಿ ಗಂಟೆಗೆ ಅರ್ಧ ಮಿ.ಲೀ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಬೆರೆಸಿದ ಸಲೈನ್ ಓಡುತ್ತಿದ್ದರೆ ದಿನಕ್ಕೆ 12 ಮಿ.ಲೀ. ಆಯ್ತು. ಈ ಮಗುವಿಗೆ ಅದು ಕೆ.ಜಿ.ಗೆ 11 ಮಿ.ಲೀ. ಆ್ಯಂಟಿಬಯೋಟಿಕ್, ಫ್ಲಶ್ ಬೇರೆ. ಯಾರೂ ಕೂಡಿಸಲ್ಲ. 80 ಅಂತ ಬರೆದು 100 ಕೊಟ್ಟಿರುತ್ತೇವೆ.

ಪಿಜಿ_ಎರಡನೇ_ವರ್ಷ · ಮಂಗಳವಾರ ಬೆಳಗ್ಗೆ 7:15

ಸಿಸ್ಟರ್ ಹೇಳಿದ್ದಕ್ಕೆ ಸೋಡಿಯಂ ಲೆಕ್ಕವೂ ಸೇರಿಸಬೇಕು. ಆ 12 ಮಿ.ಲೀ. ನಾರ್ಮಲ್ ಸಲೈನ್ ಆಗಿದ್ದರೆ 1.85 ಮಿಲಿಈಕ್ವಿವಲೆಂಟ್, ಅಂದರೆ ಕೆ.ಜಿ.ಗೆ 1.7. ಗ್ಲಿಸರೊಫಾಸ್ಫೇಟ್‌ನ ಪ್ರತಿ ಮಿ.ಲೀ.ನಲ್ಲಿ ಫಾಸ್ಫೇಟ್ 1, ಸೋಡಿಯಂ 2 ಇರೋದರಿಂದ ಅಲ್ಲಿಂದ 2. ಮೊದಲ ದಿನವೇ 3.7 ಆಗಿಹೋಯ್ತು. ಇನ್ನೂ ಮೈನೀರು ಇಳಿಯಬೇಕಾದ ಮಗುವಿಗೆ ಇದು ಜಾಸ್ತಿ. ಅಪಧಮನಿ ಲೈನಿಗೆ ಹಾಫ್ ನಾರ್ಮಲ್ (ಅರ್ಧ ಉಪ್ಪಿನ ಸಲೈನ್) ಹಾಕೋದು ಮೇಲು.

ಔಷಧಿ_ಉಗ್ರಾಣ · ಮಂಗಳವಾರ ಬೆಳಗ್ಗೆ 9:30

ಬೆರೆಸುವ ಕ್ರಮ ಯಾರೂ ಬರೆದಿಲ್ಲ, ಫಾರ್ಮಸಿ ಕಡೆಯಿಂದ ನಾನು ಬರೀತೀನಿ.

ಲ್ಯಾಮಿನಾರ್ ಹುಡ್ ಶುರು ಮಾಡಿ ಅರ್ಧ ಗಂಟೆ ಓಡಲು ಬಿಡಿ. ಆಮೇಲೆ ಕೈ ತೊಳೆದು, ಸ್ಟೆರೈಲ್ ಗೌನ್, ಗ್ಲೌಸ್, ಮಾಸ್ಕ್. ಮೊದಲು ಡೆಕ್ಸ್‌ಟ್ರೋಸ್ ಮತ್ತು ಅಮೈನೊ ಆಮ್ಲ. ನಂತರ ಫಾಸ್ಫೇಟ್, ಚೆನ್ನಾಗಿ ತಿರುಗಿಸಿ ಬೆರೆಸಿ. ಸೋಡಿಯಂ, ಪೊಟ್ಯಾಷಿಯಂ, ಮೆಗ್ನೀಷಿಯಂ ಬೇಕಿದ್ದರೆ ಆಮೇಲೆ. ಕ್ಯಾಲ್ಸಿಯಂ ಎಲ್ಲಕ್ಕಿಂತ ಕೊನೆಗೆ. ಕ್ಯಾಲ್ಸಿಯಂ ಮತ್ತು ಪೊಟ್ಯಾಷಿಯಂ ಫಾಸ್ಫೇಟ್ ಒಂದರ ಬೆನ್ನಿಗೊಂದು ಬಿದ್ದರೆ ಸುಣ್ಣದ ಪುಡಿಯಂತೆ ಗಷ್ಟು ಕೂರುತ್ತೆ. ಕೆಲವೊಮ್ಮೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು, ಅದು ಹೋಗಿ ಕೂರೋದು ಶ್ವಾಸಕೋಶದ ಸೂಕ್ಷ್ಮ ರಕ್ತನಾಳದಲ್ಲಿ. ಗ್ಲಿಸರೊಫಾಸ್ಫೇಟ್ ಬಳಸಿದರೆ ಈ ತಾಪತ್ರಯ ಬಹುತೇಕ ಇಲ್ಲ. ಬೆಲೆ ಹೆಚ್ಚು, ಆದರೂ ನನ್ನ ವೋಟು ಅದಕ್ಕೇ. ಮುಗಿದ ಮೇಲೆ ಸಿರಿಂಜನ್ನು ಕಪ್ಪು ಕಾಗದದ ಮುಂದೊಮ್ಮೆ, ಬಿಳಿ ಕಾಗದದ ಮುಂದೊಮ್ಮೆ ಹಿಡಿದು ನೋಡಿ. ಲಿಪಿಡನ್ನು ಇದಕ್ಕೆ ಬೆರೆಸಬೇಡಿ. ಹಾಲಿನ ಬಣ್ಣದಲ್ಲಿ ಗಷ್ಟು ಕಾಣಿಸೋದೇ ಇಲ್ಲ. ಫಿಲ್ಟರ್ ಸಿಕ್ಕರೆ ನೀರಿನ ಭಾಗಕ್ಕೆ 0.22 ಮೈಕ್ರಾನ್, ಲಿಪಿಡಿಗೆ 1.2.

ಸೆಫ್‌ಟ್ರಯಾಕ್ಸೋನ್: ಕ್ಯಾಲ್ಸಿಯಂ ಹೋಗುತ್ತಿರುವ ನವಜಾತ ಶಿಶುವಿಗೆ ಕೊಡಲೇಬಾರದು, ಬೇರೆ ಲೈನಿನಲ್ಲೂ ಬೇಡ. ಸೋಡಾ ಬೈಕಾರ್ಬನೇಟನ್ನೂ ಟಿಪಿಎನ್ ಲೈನಿಗೆ ತೋರಿಸಬೇಡಿ.

ಲಿಪಿಡ್ ಬಾಟ್ಲಿ 100 ಮಿ.ಲೀ., ಮಗುವಿಗೆ ಬೇಕಾಗೋದು 5.5. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ನಾಳೆ ಇನ್ನೊಂದು ಮಗುವಿಗೆ ಬಳಸೋಣ ಅನ್ನಿಸೋದು ಸಹಜ. ಬೇಡ. ಲಿಪಿಡಿನಷ್ಟು ಹುಲುಸಾಗಿ ಬ್ಯಾಕ್ಟೀರಿಯಾ ಮತ್ತು ಫಂಗಸ್ ಬೆಳೆಯುವ ದ್ರವ ಇನ್ನೊಂದಿಲ್ಲ. ಆ ದಿನ ಮೂರು ಮಕ್ಕಳಿದ್ದರೆ ಮೂವರ ಸಿರಿಂಜನ್ನೂ ಹುಡ್ ಒಳಗೆ ಒಂದೇ ಸಲಕ್ಕೆ ತುಂಬಿ, ಉಳಿದದ್ದನ್ನು ಚೆಲ್ಲಿ. ಸೆಟ್ 24 ಗಂಟೆಗೊಮ್ಮೆ ಬದಲು.

ಹರಿಹರ_ಪೀಡಿಯಾ · ಮಂಗಳವಾರ ಮಧ್ಯಾಹ್ನ 1:10

ಎಲ್ಲ ಸರಿ, ಆದರೆ ಇಷ್ಟು ಆತುರ ಯಾಕ್ರೀ? 2016ರ ಪೆಪಾನಿಕ್ ಅಧ್ಯಯನದಲ್ಲಿ ಮೊದಲ ವಾರ ಟಿಪಿಎನ್ ಕೊಡದೆ ಕಾದ ಮಕ್ಕಳಿಗೇ ಸೋಂಕು ಕಡಿಮೆ, ಐಸಿಯು ವಾಸವೂ ಕಡಿಮೆ. ನಮ್ಮ ಕಡೆ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಕಾಟ ಗೊತ್ತೇ ಇದೆ. ಹುಡ್ ಇಲ್ಲದ ಕಡೆ ಟಿಪಿಎನ್ ಅಂದರೆ ಸೆಪ್ಸಿಸ್‌ಗೆ ಆಹ್ವಾನ ಪತ್ರಿಕೆ.

ಪಿಬಿರೋಡ್_ನಿಯೊ · ಮಂಗಳವಾರ ಮಧ್ಯಾಹ್ನ 2:25

ಎರಡನ್ನೂ ಬೇರೆ ಮಾಡಿ ನೋಡೋಣ ಸರ್.

ಪೆಪಾನಿಕ್‌ನಲ್ಲಿದ್ದದ್ದು ಬೆಲ್ಜಿಯಂ, ನೆದರ್ಲೆಂಡ್ಸ್, ಕೆನಡಾದ 1440 ಮಕ್ಕಳು, ದಿನ ತುಂಬಿ ಹುಟ್ಟಿದ ಶಿಶುವಿನಿಂದ 17 ವರ್ಷದವರೆಗೆ. ದಿನ ತುಂಬದ ಮಕ್ಕಳು ಅದರಲ್ಲಿ ಇರಲೇ ಇಲ್ಲ. ಮೂರು ಕೆ.ಜಿ. ಮಗುವಿಗೆ ಒಂದು ವಾರ ತಡೆಯುವಷ್ಟು ಕೊಬ್ಬು ಇರುತ್ತೆ. 1100 ಗ್ರಾಂ ಮಗುವಿಗೆ ಆ ತೀರ್ಮಾನ ಅಂಟಿಸಲಿಕ್ಕೆ ಬರಲ್ಲ. ದಿನ ತುಂಬಿದ, ತೀವ್ರ ಅಸ್ವಸ್ಥ ಮಗುವಿನ ವಿಷಯದಲ್ಲಿ ಕಾಯೋಣ ಅಂದರೆ ನಾನೂ ಒಪ್ಪುತ್ತೇನೆ.

ಹಾಗಂತ ಬೇಗ ಅಂದರೆ ಅತಿ ಅಂತಲೂ ಅಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಪ್ರೊವೈಡ್ ಅಧ್ಯಯನ 2022ರಲ್ಲಿ ಬಂತು. 1000 ಗ್ರಾಂ ಒಳಗಿನ ಮಕ್ಕಳಿಗೆ ಮೊದಲ ಐದು ದಿನ ವಾಡಿಕೆಗಿಂತ ದಿನಕ್ಕೆ 1 ಗ್ರಾಂ ಅಮೈನೊ ಆಮ್ಲ ಹೆಚ್ಚಿಗೆ ಕೊಟ್ಟರು. ಅಂಗವೈಕಲ್ಯವಿಲ್ಲದೆ ಬದುಕುಳಿಯುವುದರಲ್ಲಿ ಲಾಭ ಕಾಣಲಿಲ್ಲ, ರೀಫೀಡಿಂಗ್ ತೊಂದರೆ (ಆಹಾರ ಶುರುವಾದ ಮೇಲೆ ರಕ್ತದ ಫಾಸ್ಫೇಟ್ ಕುಸಿಯುವುದು) ಮಾತ್ರ ಹೆಚ್ಚಿತು. 3.5 ಗ್ರಾಂ ದಾಟಬೇಡಿ ಅನ್ನೋದು ಅದಕ್ಕೇ.

ಸೋಂಕಿನ ಮಾತು ಪೂರ್ತಿ ಒಪ್ಪಿದೆ. ಹುಡ್ ಇಲ್ಲ, ತರಬೇತಿ ಪಡೆದ ಇಬ್ಬರು ಇಲ್ಲ ಅಂದರೆ ಪೂರ್ಣ ಟಿಪಿಎನ್ ಬೇಡ. ಅಂಥ ಕಡೆಗೆ ಸ್ಟಾರ್ಟರ್ ಮಿಶ್ರಣ ಸಾಕು: 100 ಮಿ.ಲೀ.ಗೆ 10% ಅಮೈನೊ ಆಮ್ಲ 30, 10% ಡೆಕ್ಸ್‌ಟ್ರೋಸ್ 62.5, 50% ಡೆಕ್ಸ್‌ಟ್ರೋಸ್ 7.5. ಲವಣ ಇಲ್ಲ, ಕ್ಯಾಲ್ಸಿಯಂ ಇಲ್ಲ. ಎಲ್ಲ ಮಕ್ಕಳಿಗೂ ಒಂದೇ ಮಿಶ್ರಣವಾದ್ದರಿಂದ ಹುಡ್ ಇರುವ ಆಸ್ಪತ್ರೆಯಲ್ಲಿ ತಯಾರಿಸಿ ತರಿಸಿಕೊಳ್ಳಲೂ ಬರುತ್ತೆ. ಕೆ.ಜಿ.ಗೆ 60 ಮಿ.ಲೀ. ಓಡಿಸಿದರೆ ಅಮೈನೊ ಆಮ್ಲ 1.8 ಗ್ರಾಂ, ಗ್ಲೂಕೋಸ್ ನಿಮಿಷಕ್ಕೆ 4.2, 80 ಓಡಿಸಿದರೆ 2.4 ಗ್ರಾಂ, 5.6. ಆಸ್ಮೊಲಾರಿಟಿ 800, ಕೈ ನರಕ್ಕೂ ನಡೆಯುತ್ತೆ. ದುರ್ಗದ ಡಾಕ್ಟರ್ ಕೇಳಿದ್ದಕ್ಕೂ ಇದೇ ಉತ್ತರ: ಲಿಪಿಡ್ ಇಲ್ಲದ ದಿನವೂ ಅಮೈನೊ ಆಮ್ಲ ತಡಮಾಡಬೇಡಿ. ಆದರೆ ಲಿಪಿಡ್ ಇಲ್ಲದೆ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಎಳೆಯಬೇಡಿ, ಅಗತ್ಯ ಕೊಬ್ಬಿನಾಮ್ಲದ ಕೊರತೆ ಒಂದು ವಾರದೊಳಗೇ ಕಾಣುತ್ತೆ.

ಹರಿಹರ_ಪೀಡಿಯಾ · ಮಂಗಳವಾರ ಮಧ್ಯಾಹ್ನ 2:50

ಸ್ಟಾರ್ಟರ್‌ಗೆ ನನ್ನ ತಕರಾರಿಲ್ಲ. ಹುಡ್ ಇಲ್ಲದ ಕಡೆ ಪೂರ್ಣ ಟಿಪಿಎನ್ ಬೇಡ ಅನ್ನೋ ಮಾತನ್ನೂ ಹಿಂದಕ್ಕೆ ತಗೊಳಲ್ಲ.

ಹೊಸದುರ್ಗ_ಎಂಒ · ಮಂಗಳವಾರ ಸಂಜೆ 5:40

ತಾಲ್ಲೂಕು ಆಸ್ಪತ್ರೆಯಲ್ಲಿ 30 ವಾರಕ್ಕೆ ಹೆರಿಗೆ ಆಯ್ತು ಅಂತಿಟ್ಟುಕೊಳ್ಳಿ. ದಾವಣಗೆರೆಗೆ ಕಳಿಸುವ ಮುಂಚೆ ಅಮೈನೊ ಆಮ್ಲ ಹಚ್ಚಬೇಕಾ?

ದುರ್ಗದ_ಪೀಡಿಯಾ · ಮಂಗಳವಾರ ಸಂಜೆ 6:05

ಬೇಡ ಮೇಡಂ. 10% ಡೆಕ್ಸ್‌ಟ್ರೋಸ್ ಕೆ.ಜಿ.ಗೆ 80ರ ಲೆಕ್ಕದಲ್ಲಿ ಸಿರಿಂಜ್ ಪಂಪಿನಲ್ಲಿ; 1.2 ಕೆ.ಜಿ. ಆದರೆ ಗಂಟೆಗೆ 4 ಮಿ.ಲೀ. ಹೊರಡುವ ಮುಂಚೆ ಪಂಪಿನ ಬ್ಯಾಟರಿ ಎಷ್ಟಿದೆ ನೋಡಿಕೊಳ್ಳಿ. ಸಕ್ಕರೆ ನೋಡಿ, ಮೈ ಬೆಚ್ಚಗಿಡಿ, ಹೊಕ್ಕುಳಬಳ್ಳಿಯನ್ನು ಮೂರು ನಾಲ್ಕು ಸೆಂ.ಮೀ. ಉದ್ದ ಬಿಟ್ಟು ಕಟ್ಟಿ. ಗಿಡ್ಡ ಕತ್ತರಿಸಿದರೆ ಅಲ್ಲಿ ಲೈನ್ ಹಾಕಲಿಕ್ಕೆ ಪರದಾಟ. ತಾಯಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟಿದ್ದರೆ ರೆಫರಲ್ ಚೀಟಿಯಲ್ಲಿ ಬರೆಯಿರಿ, ಅಂಥ ಮಗುವಿಗೆ ಮೊದಲ ದಿನಗಳಲ್ಲಿ ಮೆಗ್ನೀಷಿಯಂ ಸೇರಿಸೋಹಾಗಿಲ್ಲ. ಈಗಾಗಲೇ ಟಿಪಿಎನ್ ಓಡುತ್ತಿರುವ ಮಗುವನ್ನು ಸಾಗಿಸುವುದಾದರೆ ದಿಢೀರನೆ ಕಿತ್ತುಹಾಕಬೇಡಿ, ಅದೇ ವೇಗದಲ್ಲಿ 10% ಡೆಕ್ಸ್‌ಟ್ರೋಸ್‌ಗೆ ಬದಲಿಸಿ.

ಹೊಕ್ಕುಳ_ಲೈನ್ · ಮಂಗಳವಾರ ರಾತ್ರಿ 8:30

ಲೈನಿನ ಬಗ್ಗೆ. ಆಳ: ತೂಕ × 1.5 + 5.5 ಸೆಂ.ಮೀ. ಈ ಮಗುವಿಗೆ 7.15, ಜೊತೆಗೆ ಹೊಕ್ಕುಳ ಮೋಟಿನ ಉದ್ದ ಸೇರಿಸಿ. ಇದು ಅಂದಾಜು, ಎಕ್ಸ್‌ರೇ ಬರದೆ ಟಿಪಿಎನ್ ಹಚ್ಚಬೇಡಿ. ತುದಿ ಇರಬೇಕಾದ್ದು ಕೆಳ ಮಹಾಸಿರೆ ಮತ್ತು ಬಲ ಹೃತ್ಕರ್ಣ ಕೂಡುವ ಜಾಗದಲ್ಲಿ, ಎಕ್ಸ್‌ರೇಯಲ್ಲಿ ಎದೆಯ 8–9ನೇ ಕಶೇರುವಿನ ಮಟ್ಟ.

ನಾಲ್ಕೈದು ಸೆಂ.ಮೀ.ಗೆ ಸ್ಪ್ರಿಂಗ್ ಹಾಗೆ ಹಿಂದಕ್ಕೆ ತಳ್ಳಿದರೆ ತುದಿ ಯಕೃತ್ತಿನ ಪೋರ್ಟಲ್ ಸಿರೆಗೆ ಹೊರಳಿದೆ. ಒತ್ತಬೇಡಿ. ಅಲ್ಲೇ ಬಿಟ್ಟು ಟಿಪಿಎನ್ ಓಡಿಸಿದರೆ ಯಕೃತ್ತಿನೊಳಗೆ ದ್ರವ ಸೇರಿ ಊತ, ಕೊನೆಗೆ ಹೊಟ್ಟೆ ತುಂಬ ಟಿಪಿಎನ್. ತೀರ ಮೇಲೆ, ಹೃದಯದೊಳಗೆ ಹೋದರೂ ಅಪಾಯ: ಗೋಡೆ ಸವೆದು ಹೃದಯದ ಸುತ್ತ ದ್ರವ ತುಂಬುತ್ತೆ. ಚೆನ್ನಾಗಿದ್ದ ಮಗು ಒಮ್ಮೆಲೇ ಕುಸಿದು, ಎದೆ ಒತ್ತಿದರೂ ಏಳದಿದ್ದರೆ ಮೊದಲು ಎಕೋ (ಹೃದಯದ ಸ್ಕ್ಯಾನ್) ತಲೆಗೆ ಬರಲಿ. ಅಲ್ಲಿಂದ ಸೆಳೆದು ತೆಗೆಯುವ ದ್ರವ ಬಿಳಿಯಾಗಿದ್ದರೆ ಅದು ಲಿಪಿಡ್.

ಏಳು ದಿನದ ಹೊತ್ತಿಗೆ ಹೊಕ್ಕುಳ ಲೈನ್ ತೆಗೆದು, ಇನ್ನೂ ಬೇಕಿದ್ದರೆ ಪಿಕ್ ಲೈನ್ (ಕೈಕಾಲಿನ ನರದಿಂದ ಹೃದಯದ ಹತ್ತಿರದವರೆಗೆ ಹೋಗುವ ನಳಿಕೆ). ಆ ಲೈನಿನಲ್ಲಿ ರಕ್ತ ಸೆಳೆಯುವುದು, ಡೋಪಮೈನ್ (ರಕ್ತದೊತ್ತಡ ಏರಿಸುವ ಔಷಧಿ) ನಡುವೆ ತೂರಿಸುವುದು ಎರಡೂ ಬೇಡ.

ಪಿಜಿ_ಎರಡನೇ_ವರ್ಷ · ಮಂಗಳವಾರ ರಾತ್ರಿ 9:15

ಮೂರನೇ ದಿನ ಪೊಟ್ಯಾಷಿಯಂ 2.9, ಕ್ಯಾಲ್ಸಿಯಂ 11.8 ಬಂದರೆ ಏನು ಅಂತ ಅರ್ಥ? ಕ್ಯಾಲ್ಸಿಯಂ ಜಾಸ್ತಿ ಹೋಗಿದೆ ಅಂತ ನಿಲ್ಲಿಸೋದಾ?

ಪಿಬಿರೋಡ್_ನಿಯೊ · ಮಂಗಳವಾರ ರಾತ್ರಿ 9:50

ನಿಲ್ಲಿಸುವ ಮುಂಚೆ ಫಾಸ್ಫೇಟ್ ಕಳಿಸಿ. 4ಕ್ಕಿಂತ ಬಹಳ ಕೆಳಗಿದ್ದರೆ, 2ರ ಹತ್ತಿರ ಬಂದಿದ್ದರೆ, ಇದು ರೀಫೀಡಿಂಗ್. ಹೊಟ್ಟೆಯಲ್ಲೇ ಸೊರಗಿದ ಮಕ್ಕಳಲ್ಲಿ ಹೆಚ್ಚು. ಅಮೈನೊ ಆಮ್ಲ ಸಿಕ್ಕ ಕೂಡಲೇ ಜೀವಕೋಶ ಕಟ್ಟುವ ಕೆಲಸ ಶುರುವಾಗಿ ಪೊಟ್ಯಾಷಿಯಂ, ಫಾಸ್ಫೇಟ್ ಎರಡನ್ನೂ ರಕ್ತದಿಂದ ಒಳಗೆ ಎಳೆದುಕೊಳ್ಳುತ್ತೆ. ಫಾಸ್ಫೇಟ್ ಸಾಲದಾದಾಗ ಮೈ ಮೂಳೆಯಿಂದ ಕೀಳುತ್ತೆ, ಜೊತೆಗೆ ಕ್ಯಾಲ್ಸಿಯಂ ಹೊರಗೆ ಬೀಳುತ್ತೆ. ಹಾಗಾಗಿ ಕ್ಯಾಲ್ಸಿಯಂ ಏರಿರೋದು ಕೊಟ್ಟದ್ದು ಜಾಸ್ತಿಯಾಗಿ ಅಲ್ಲ, ಫಾಸ್ಫೇಟ್ ಕೊಡದೆ ಇದ್ದದ್ದಕ್ಕೆ. ಇದನ್ನು ಕಾಣದೆ ವೆಂಟಿಲೇಟರ್ ಇಳಿಸಲಾಗುತ್ತಿಲ್ಲ, ಮಗು ಮಂಕಾಗಿದೆ, ಸೆಪ್ಸಿಸ್ ಇರಬೇಕು ಅಂತ ಆ್ಯಂಟಿಬಯೋಟಿಕ್ ಏರಿಸುತ್ತಾ ಹೋಗ್ತೀವಿ.

ಅದಕ್ಕೇ ಮೊದಲ ದಿನದ ಲೆಕ್ಕದಲ್ಲೇ ಗ್ಲಿಸರೊಫಾಸ್ಫೇಟ್ ಹಾಕಿದ್ದು. ಕ್ಯಾಲ್ಸಿಯಂ ಗ್ಲುಕೊನೇಟ್ 4 ಮಿ.ಲೀ.ನಲ್ಲಿ ಕ್ಯಾಲ್ಸಿಯಂ 0.9 ಮಿಲಿಮೋಲ್, ಗ್ಲಿಸರೊಫಾಸ್ಫೇಟ್ 1 ಮಿ.ಲೀ.ನಲ್ಲಿ ಫಾಸ್ಫೇಟ್ 1. ಅನುಪಾತ 0.9, ಮೊದಲ ದಿನಗಳಲ್ಲಿ ಇದು 0.8ರಿಂದ 1ರ ಒಳಗಿರಬೇಕು. ಮೂತ್ರ ಗಂಟೆಗೆ ಕೆ.ಜಿ.ಗೆ 1 ಮಿ.ಲೀ. ದಾಟಿದ ಮೇಲೆ ಪೊಟ್ಯಾಷಿಯಂ ಸೇರಿಸಿ, ಸಾಮಾನ್ಯವಾಗಿ ಎರಡು ಮೂರನೇ ದಿನ. ರಕ್ತ ಪರೀಕ್ಷೆ ಮೊದಲ ಮೂರು ದಿನ ದಿನಕ್ಕೊಮ್ಮೆ, ಆದರೆ ಕಡಿಮೆ ರಕ್ತದಲ್ಲಿ. ಈ ಮಗುವಿನ ಮೈಯಲ್ಲಿರುವ ರಕ್ತವೇ 95 ಮಿ.ಲೀ. ಆಸುಪಾಸು, ಒಂದೊಂದು ಮಿ.ಲೀ. ಸೆಳೆದಾಗಲೂ 1% ಹೋಯ್ತು.

ಯೂರಿಯಾ ಸ್ವಲ್ಪ ಏರಿದ್ದಕ್ಕೆ ಅಮೈನೊ ಆಮ್ಲ ಇಳಿಸುವ ಅಭ್ಯಾಸ ಬಿಡಿ. ಅದೊಂದನ್ನೇ ನೋಡಿ ಇಳಿಸಬಾರದು.

ವಾರ್ಮರ್_ಪಕ್ಕ · ಬುಧವಾರ ಬೆಳಗ್ಗೆ 7:05

ಸಕ್ಕರೆ 210 ಬಂದಾಗ ಏನು ಮಾಡೋದು ಅಂತಲೂ ಬರೆದುಬಿಡಿ ಸರ್. ರಾತ್ರಿ ಫೋನ್ ಬರೋದು ಜಾಸ್ತಿ ಅದಕ್ಕೇ.

ದುರ್ಗದ_ಪೀಡಿಯಾ · ಬುಧವಾರ ಬೆಳಗ್ಗೆ 8:20

ಸಿಸ್ಟರ್, ಮೊದಲು ರಕ್ತ ಎಲ್ಲಿಂದ ತೆಗೆದದ್ದು ನೋಡಿ. ಡೆಕ್ಸ್‌ಟ್ರೋಸ್ ಹೋಗುವ ಲೈನಿನಿಂದ ಆಗಿದ್ದರೆ ಹಿಮ್ಮಡಿಯಿಂದ ಮತ್ತೊಮ್ಮೆ. ನಿಜವಾಗಿಯೂ 180 ದಾಟಿದ್ದರೆ ಗ್ಲೂಕೋಸ್ ವೇಗವನ್ನು ಹಂತ ಹಂತವಾಗಿ ಇಳಿಸಿ, 4ರ ಕೆಳಗೆ ಬೇಡ. ಸೋಂಕು, ನೋವು, ಸ್ಟೆರಾಯ್ಡ್ ಇದೆಯಾ ನೋಡಿ. ಇಷ್ಟೆಲ್ಲ ಮಾಡಿದ ಮೇಲೂ ಇಳಿಯದಿದ್ದರೆ ಇನ್ಸುಲಿನ್. ಮೊದಲೇ ಮುನ್ನೆಚ್ಚರಿಕೆಗೆ ಇನ್ಸುಲಿನ್ ಹಚ್ಚುವುದನ್ನು 2008ರಲ್ಲೇ ದೊಡ್ಡ ಅಧ್ಯಯನ ಮಾಡಿ ನೋಡಿದ್ದಾರೆ, ಲಾಭ ಇಲ್ಲ, ಸಕ್ಕರೆ ಬೀಳುವುದು ಮಾತ್ರ ಹೆಚ್ಚು.

ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 265 ದಾಟಿದರೆ ಲಿಪಿಡ್ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಕಾಮಾಲೆ ರಕ್ತ ಬದಲಾಯಿಸುವ ಮಟ್ಟದ ಹತ್ತಿರ ಇದ್ದಾಗಲೂ ಕಡಿಮೆ ಮಾಡಿ, ಕೊಬ್ಬಿನಾಮ್ಲ ಆಲ್ಬುಮಿನ್‌ನಿಂದ ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) ಅನ್ನು ಬಿಡಿಸಿಬಿಡುತ್ತೆ.

ಔಷಧಿ_ಉಗ್ರಾಣ · ಬುಧವಾರ ಬೆಳಗ್ಗೆ 10:00

ಕಾಮಾಲೆ ಅಂದಾಗ ನೆನಪಾಯ್ತು. ಫೋಟೋಥೆರಪಿಯ ನೀಲಿ ದೀಪದ ಬುಡದಲ್ಲೇ ಲಿಪಿಡ್ ಸಿರಿಂಜ್ ಪಂಪ್ ಇಟ್ಟಿರೋದು ಎಷ್ಟು ಕಡೆ! ಬೆಳಕು ಬಿದ್ದರೆ ಲಿಪಿಡ್ ಮತ್ತು ವಿಟಮಿನ್ ಕೆಟ್ಟು ಪೆರಾಕ್ಸೈಡ್ ಆಗುತ್ತೆ. ಎರಡು ವರ್ಷದೊಳಗಿನ ಮಕ್ಕಳಿಗೆ ಟಿಪಿಎನ್ ಅನ್ನು ಬೆಳಕಿನಿಂದ ಮುಚ್ಚಿಯೇ ಕೊಡಿ ಅಂತ ಯುರೋಪಿನ ಔಷಧ ನಿಯಂತ್ರಕರು 2019ರಲ್ಲೇ ಹೇಳಿದ್ದಾರೆ. ಸಿರಿಂಜ್ ಒಂದಕ್ಕೇ ಫಾಯಿಲ್ ಸುತ್ತಿದರೆ ಸಾಲದು, ಬೆಳಕು ಬೀಳೋದು ಟ್ಯೂಬಿಗೇ ಜಾಸ್ತಿ. ಕಂದು ಬಣ್ಣದ ಎಕ್ಸ್‌ಟೆನ್ಷನ್ ಸಿಗುತ್ತೆ, ಅದನ್ನು ಇಂಡೆಂಟಿಗೆ (ಬೇಡಿಕೆ ಪಟ್ಟಿ) ಹಾಕಿ. ವಿಟಮಿನನ್ನು ಲಿಪಿಡ್ ಜೊತೆಗೇ ಕೊಟ್ಟರೆ ನಷ್ಟ ಕಡಿಮೆ. ಸತು ಮೊದಲಿಂದಲೇ, ಕೆ.ಜಿ.ಗೆ ದಿನಕ್ಕೆ 400 ಮೈಕ್ರೋಗ್ರಾಂ. ಡೈರೆಕ್ಟ್ ಬಿಲಿರುಬಿನ್ (ಪಿತ್ತ ಸರಾಗವಾಗಿ ಹರಿಯದ ಸೂಚನೆ) ಏರುತ್ತಿದ್ದರೆ ಮ್ಯಾಂಗನೀಸ್ ಇರುವ ಟ್ರೇಸ್ ಎಲಿಮೆಂಟ್ ಬೇಡ.

ವಾರ್ಮರ್_ಪಕ್ಕ · ಬುಧವಾರ ಮಧ್ಯಾಹ್ನ 3:40

ಇದು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಪ್ರೋಟೋಕಾಲಿಗೆ ಸೇರಿಸಿ. ಬಿಳಿ ಸಿರಿಂಜ್ ನೋಡಿ ಮನೆಯವರು "ನರದಾಗೇ ಹಾಲು ಬಿಟ್ಟಾರೆ" ಅಂದ್ಕೊಳ್ತಾರೆ. ಅಜ್ಜಿ ಹೋಗಿ ಬಾಣಂತಿಗೆ ಹಾಗೇ ಹೇಳ್ತಾಳೆ. ಬಾಣಂತಿ ಹಾಲು ಹಿಂಡೋದು ನಿಲ್ಲಿಸ್ತಾಳೆ. ಐದನೇ ದಿನ ನಮಗೆ ಹಾಲು ಬೇಕಾದಾಗ ಎದೆ ಬತ್ತಿರುತ್ತೆ. ಲಿಪಿಡ್ ಹಚ್ಚಿದ ದಿನವೇ ಹೇಳಬೇಕು: "ಇದು ಹಾಲಲ್ಲಮ್ಮ, ಎಣ್ಣೆಯಂಶದ ಔಷಧಿ. ನಿನ್ನ ಹಾಲು ಬೇಕೇ ಬೇಕು, ದಿನಕ್ಕೆ ಎಂಟು ಸಲ ಹಿಂಡಿ ಕೊಡು." ಮೊದಲ ಸಲ ಸಾಧ್ಯವಾದರೆ ಹೆರಿಗೆಯಾದ ಗಂಟೆಯೊಳಗೆ, ಆರು ಗಂಟೆ ಮೀರಬಾರದು. ಈ ಮಗುವಿಗೆ ಎರಡು ಗಂಟೆಗೊಮ್ಮೆ 1 ಮಿ.ಲೀ. ಹೋದರೂ ಕೆ.ಜಿ.ಗೆ 11 ಆಯ್ತು, ಕರುಳು ಒಣಗದ ಹಾಗೆ ಅಷ್ಟು ಸಾಕು.

ಪಿಬಿರೋಡ್_ನಿಯೊ · ಬುಧವಾರ ರಾತ್ರಿ 9:30

ಸಿಸ್ಟರ್ ಮಾತಿಗೆ ನನ್ನದೂ ಒಂದು ಸಹಿ. ಟಿಪಿಎನ್ ಇರೋದು ಹಾಲು ಏರುವವರೆಗಿನ ದೋಣಿಯಾಗಿ. 1968ರಲ್ಲಿ ಫಿಲಡೆಲ್ಫಿಯಾದ ವಿಲ್ಮೋರ್ ಮತ್ತು ಡಡ್ರಿಕ್ ಕರುಳಿಲ್ಲದಂತಿದ್ದ ಶಿಶುವನ್ನು ಬರೀ ನರದ ಆಹಾರದಲ್ಲೇ ಬೆಳೆಸಿ ತೋರಿಸಿದರು. ನಮ್ಮ ಮಕ್ಕಳಿಗೆ ಕರುಳಿದೆ, ಸ್ವಲ್ಪ ಎಳೆಯದು ಅಷ್ಟೇ.

ದಿನದಿಂದ ದಿನಕ್ಕೆ ಏರಿಸುವ ಕ್ರಮ: ಅಮೈನೊ ಆಮ್ಲ 2, 3, 3.5, ಲಿಪಿಡ್ 1, 2, 3, ಗ್ಲೂಕೋಸ್ 5, 6.5, 8. ದ್ರವವನ್ನು ತೂಕ ಮತ್ತು ಸೋಡಿಯಂ ನೋಡಿ ಏರಿಸಿ. ಏಪ್ರಿಲ್‌ನ ದಾವಣಗೆರೆ ಸೆಖೆಯಲ್ಲಿ ತೆರೆದ ವಾರ್ಮರ್ ಕೆಳಗಿರುವ ಮಗುವಿಗೆ ಚರ್ಮದಿಂದಲೇ ಬಹಳ ಹೋಗುತ್ತೆ, ಪ್ಲಾಸ್ಟಿಕ್ ಹೊದಿಕೆ ಮರೆಯಬೇಡಿ. ಹಾಲನ್ನು ದಿನಕ್ಕೆ ಕೆ.ಜಿ.ಗೆ 18 ಮಿ.ಲೀ. ಏರಿಸಿದರೂ 30 ಏರಿಸಿದರೂ ಬದುಕುಳಿಯುವುದರಲ್ಲಿ ವ್ಯತ್ಯಾಸವಿಲ್ಲ ಅಂತ 2019ರ ಸಿಫ್ಟ್ ಅಧ್ಯಯನ 2800ಕ್ಕೂ ಹೆಚ್ಚು ಮಕ್ಕಳಲ್ಲಿ ತೋರಿಸಿದೆ. 30 ಏರಿಸಿದರೆ ಲೈನ್ ಬೇಗ ಹೊರಬರುತ್ತೆ.

ನಿಲ್ಲಿಸುವಾಗ ಒಂದು ಗುಂಡಿ ಇದೆ. ಹಾಲು ಕೆ.ಜಿ.ಗೆ 100 ಮಿ.ಲೀ. ಮುಟ್ಟಿತು ಅಂತ ಟಿಪಿಎನ್ ಕಿತ್ತರೆ, 100 ಮಿ.ಲೀ. ಎದೆಹಾಲಿನಲ್ಲಿ ಪ್ರೋಟೀನ್ 1.2ರಿಂದ 1.5 ಗ್ರಾಂ ಅಷ್ಟೇ. ನಿನ್ನೆ 3.5 ಇದ್ದದ್ದು ಇವತ್ತು 1.5. ಆ ವಾರ ತೂಕ ನಿಂತುಬಿಡುತ್ತೆ. ಹಾಲು 80 ತಲುಪಿದಾಗಲೇ ಫೋರ್ಟಿಫೈಯರ್ (ಹಾಲಿಗೆ ಬೆರೆಸುವ ಪೋಷಕಾಂಶ) ಶುರು ಮಾಡಿ. ಟಿಪಿಎನ್ ಇಳಿಸುವಾಗ ಮೊದಲು ಲಿಪಿಡ್ ಮತ್ತು ನೀರು ಕಡಿಮೆ ಮಾಡಿ, ಅಮೈನೊ ಆಮ್ಲ ಕೊನೆಯವರೆಗೆ ಉಳಿಸಿ. ಹಾಲು 120 ಆದ ದಿನ ಲೈನ್ ತೆಗೆಯಿರಿ, "ಇರಲಿ, ಬೇಕಾದೀತು" ಅಂತ ಒಂದು ದಿನವೂ ಇಡಬೇಡಿ.

ದುರ್ಗದ_ಪೀಡಿಯಾ · ಗುರುವಾರ ಬೆಳಗ್ಗೆ 9:10

ಎಲ್ಲರಿಗೂ ಧನ್ಯವಾದ. ಇಂಡೆಂಟ್ ಇವತ್ತೇ ಹೋಗುತ್ತೆ: ಶಿಶುಗಳ 10% ಅಮೈನೊ ಆಮ್ಲ, 20% ಲಿಪಿಡ್, ಗ್ಲಿಸರೊಫಾಸ್ಫೇಟ್, 50% ಡೆಕ್ಸ್‌ಟ್ರೋಸ್, ಪ್ಲಾಸ್ಟಿಕ್ ಪ್ಯಾಕಿನ ಕ್ಯಾಲ್ಸಿಯಂ ಗ್ಲುಕೊನೇಟ್ (ಗಾಜಿನದ್ದರಲ್ಲಿ ಅಲ್ಯೂಮಿನಿಯಂ ಜಾಸ್ತಿ), ಎರಡೂ ಅಳತೆಯ ಫಿಲ್ಟರ್, ಕಂದು ಎಕ್ಸ್‌ಟೆನ್ಷನ್. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಔಷಧಿ ಉಚಿತ, ಆದ್ದರಿಂದ ಚೀಟಿ ಬರೆದು ಮನೆಯವರನ್ನು ಅಂಗಡಿಗೆ ಅಟ್ಟುವಂತಿಲ್ಲ ಅನ್ನೋದನ್ನೂ ಮೇಲೆ ಬರೆದಿದ್ದೇನೆ. ಹುಡ್ ರಿಪೇರಿಯಾಗಿ ಬರುವವರೆಗೆ ಸ್ಟಾರ್ಟರ್ ಮಿಶ್ರಣ ಹೊರಗಿಂದ ತರಿಸಿ ಓಡಿಸುತ್ತೇವೆ, ಲಿಪಿಡ್ ಹುಡ್ ಬಂದ ಮೇಲೆ. ಸಿಸ್ಟರ್, ಆ 1.21ರ ಲೆಕ್ಕದ ಹಾಳೆಯ ಫೋಟೋ ಇದ್ದರೆ ಹಾಕಿ.